ಮಕ್ಕಳ ಓದಿಗೆ ತಾಯಿಯ ಕಿವಿ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಅರ್ಧ ದಿನದ ಕೂಲಿ ಬಿಟ್ಟು, ಮನೆಕೆಲಸ ಬೇಗ ಮುಗಿಸಿ ಈ ಸಭೆಗೆ ಬಂದಿದ್ದೀರಿ. ಉಳಿತಾಯ, ಸಾಲ, ಬಡ್ಡಿ ಇವುಗಳ ಲೆಕ್ಕ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಇವತ್ತು ಇನ್ನೊಂದು ಉಳಿತಾಯದ ಬಗ್ಗೆ ಮಾತಾಡೋಣ. ಅದು ನಮ್ಮ ಮಕ್ಕಳ ಓದು.

ಸಂಘಗಳಿಗೆ ಬರುವ ಸಾಲದ ಅರ್ಜಿಗಳನ್ನು ನಾವು ನೋಡುತ್ತಾ ಬಂದಿದ್ದೇವೆ. ಮೊದಲೆಲ್ಲ ಹಸು, ಹೊಲಿಗೆ ಯಂತ್ರ, ಮನೆ ರಿಪೇರಿ ಅಂತ ಬರೆಯುತ್ತಿದ್ದರು. ಈಗ ಮಕ್ಕಳ ಫೀಸು, ಟ್ಯೂಷನ್ ಅಂತಲೂ ಬರೆಯುತ್ತಾರೆ. ಇದು ಸಂತೋಷದ ವಿಷಯ. ಆದರೆ ದುಡ್ಡು ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದು ನಾವೂ ನಂಬಿದ್ದೆವು. ಆ ನಂಬಿಕೆ ತಪ್ಪು ಎಂದು ಒಬ್ಬ ತಾಯಿಯ ಮನೆಯಲ್ಲಿ ನಮಗೆ ಗೊತ್ತಾಯಿತು.

ಆ ತಾಯಿಗೆ ಅಡಿಕೆ ಸುಲಿಯುವ ಕೆಲಸ. ಮಗಳು ಹತ್ತನೇ ತರಗತಿ. ಟ್ಯೂಷನ್‌ಗೆ ಅಂತ ಸಂಘದಿಂದ ಸಾಲ ಕೇಳಿದರು. ನಾವೂ ಕೊಡಿ ಕೊಡಿ ಎಂದು ಒತ್ತಾಯ ಮಾಡಿದೆವು. ತಾಯಿ ಒಂದು ಕಂತೂ ತಪ್ಪಿಸಲಿಲ್ಲ. ಆದರೆ ಫಲಿತಾಂಶ ಬಂದಾಗ ಹುಡುಗಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ಮನೆಯಲ್ಲಿ ಆಗಲೇ ಅವಳನ್ನು ಕೆಲಸಕ್ಕೆ ಕಳಿಸುವ ಮಾತು, ಅದರ ಹಿಂದೆಯೇ ಗಂಡು ಹುಡುಕುವ ಮಾತು ಶುರುವಾಗಿತ್ತು. ನಾವು ಹೋಗಿ ಕೂತಾಗ ತಾಯಿ ಹೇಳಿದ್ದು ಇಷ್ಟೇ: "ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ ಅಕ್ಕ. ಕಂತು ಕಟ್ಟೋದು ಬಿಟ್ಟು ನನ್ನ ಕೈಲಿ ಇನ್ನೇನಾಗತ್ತೆ?"

ಆಮೇಲೆ ಮಗಳನ್ನು ಕೇಳಿದೆವು. "ಟ್ಯೂಷನ್‌ನಿಂದ ಬರುವಾಗ ಏಳು ಗಂಟೆ. ಪಾತ್ರೆ ತೊಳೆದು, ಅಮ್ಮನ ಜೊತೆ ಅಡಿಕೆ ಸುಲಿದು ಕೂತರೆ ನಿದ್ದೆ. ಓದಿದ್ದನ್ನೇ ನಾಲ್ಕು ನಾಲ್ಕು ಸಲ ಓದ್ತಿದ್ದೆ. ಪರೀಕ್ಷೆಯಲ್ಲಿ ಮಾತ್ರ ಒಂದೂ ನೆನಪಾಗಲಿಲ್ಲ" ಎಂದು ಅತ್ತಳು. ಸಾಲಕ್ಕೆ ಸಹಿ ಹಾಕಿಸಿದ ನಾವು, ಆ ಮನೆಯಲ್ಲಿ ಓದಲು ಹೊತ್ತು ಇದೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ. ಅವತ್ತು ನಮಗೆ ನಾಚಿಕೆಯಾಯಿತು.

ಅಲ್ಲಿಂದ ನಾವು ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ನಾಲ್ಕು ಸಲ ಓದಿದರೂ ಯಾಕೆ ಮರೆತುಹೋಗುತ್ತದೆ? ಇದನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಬರೀ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರೇ ಮುಂದೆ ಇದ್ದರು. ಆದರೆ ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತು. ಬರೀ ಓದಿದವರಿಗೆ ನೂರಕ್ಕೆ ಸುಮಾರು 40ರಷ್ಟು ನೆನಪಿತ್ತು. ನೋಡದೆ ಬರೆದವರಿಗೆ ಸುಮಾರು 61ರಷ್ಟು ನೆನಪಿತ್ತು.

ಇದರಿಂದ ತಿಳಿಯುವುದೇನು? ಪುಸ್ತಕ ತೆರೆದಿಟ್ಟು ಓದುವಾಗ ಎಲ್ಲಾ ಗೊತ್ತಿದ್ದ ಹಾಗೆ ಅನಿಸುತ್ತದೆ. ಪುಸ್ತಕ ಮುಚ್ಚಿ ಹೇಳುವಾಗಲೇ ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂದು ಬೇರೆಯಾಗುತ್ತದೆ. ಹಾಗೆ ಕಷ್ಟಪಟ್ಟು ನೆನಪು ಮಾಡಿಕೊಂಡದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಸಹೋದರಿಯರೇ, ಇಲ್ಲಿಯೇ ನಮಗೆಲ್ಲ ಒಂದು ಶುಭ ಸಮಾಚಾರ ಇದೆ. ಪುಸ್ತಕ ಮುಚ್ಚಿ ಹೇಳುವಾಗ ಕೇಳುವವರು ಬೇಕು. ಕೇಳಲು ಅಕ್ಷರ ಬೇಕಾಗಿಲ್ಲ, ಕಿವಿ ಸಾಕು. ಎಸ್ಸೆಸ್ಸೆಲ್ಸಿ ಮಾಡದ ತಾಯಿಯೂ, ಹೆಬ್ಬೆಟ್ಟು ಒತ್ತುವ ಅಜ್ಜಿಯೂ ಈ ಕೆಲಸ ಮಾಡಬಹುದು. ದಿನಕ್ಕೆ ಹತ್ತು ನಿಮಿಷ ಮಗುವಿನ ಹತ್ತಿರ ಕೂತು ಹೀಗೆ ಕೇಳಿ:

1. ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರು?
2. ಪುಸ್ತಕ ಮುಚ್ಚಿ, ನನಗೆ ಅರ್ಥ ಆಗೋ ಹಾಗೆ ನಿನ್ನ ಮಾತಲ್ಲಿ ಹೇಳು.
3. ನಮ್ಮ ಮನೆಯಲ್ಲೋ ತೋಟದಲ್ಲೋ ಅದಕ್ಕೆ ಒಂದು ಉದಾಹರಣೆ ಕೊಡು.
4. ಯಾವುದು ಅರ್ಥ ಆಗಲಿಲ್ಲ?

ಮಗು ನಡುವೆ ತಡವರಿಸಿದರೆ ಬೈಯಬೇಡಿ. "ಪುಸ್ತಕ ತೆಗೆದು ನೋಡು, ಮತ್ತೆ ಮುಚ್ಚಿ ಹೇಳು" ಅನ್ನಿ. ಸರಿಯೋ ತಪ್ಪೋ ಎಂದು ಪುಸ್ತಕವೇ ಹೇಳುತ್ತದೆ, ನೀವು ಹೇಳಬೇಕಾಗಿಲ್ಲ. ಅರ್ಥ ಆಗದ್ದನ್ನು ಚೀಟಿಯಲ್ಲಿ ಬರೆದುಕೊಂಡು ಮರುದಿನ ಟೀಚರನ್ನು ಕೇಳಲಿ. ಗಣಿತಕ್ಕೆ ಬಾಯಲ್ಲಿ ಹೇಳಿದರೆ ಸಾಲದು. ಶಾಲೆಯಲ್ಲಿ ಮಾಡಿದ ಲೆಕ್ಕವನ್ನು ಮುಚ್ಚಿಟ್ಟು, ಅದನ್ನೇ ಖಾಲಿ ಹಾಳೆಯಲ್ಲಿ ಮತ್ತೆ ಮಾಡಿ, ಆಮೇಲೆ ತಾಳೆ ನೋಡಲಿ.

ಇನ್ನು ಅಭ್ಯಾಸದ ಮಾತು. ಹನಿ ಹನಿಗೂಡಿದರೆ ಹಳ್ಳ ಎನ್ನುವುದಕ್ಕೆ ನಮ್ಮ ಸಂಘಗಳೇ ಸಾಕ್ಷಿ. ವರ್ಷದ ಕೊನೆಗೆ ಎಲ್ಲಾ ಹಣ ಒಂದೇ ದಿನ ತನ್ನಿ ಎಂದರೆ ನಮ್ಮಲ್ಲಿ ಯಾರಿಂದಲೂ ಆಗದು. ವಾರ ವಾರ ಸ್ವಲ್ಪ ತಂದದ್ದಕ್ಕೆ ಗಂಟು ಬೆಳೆಯಿತು. ಆದರೆ ಮಕ್ಕಳಿಗೆ ಮಾತ್ರ ಮಾರ್ಚ್ ತಿಂಗಳಲ್ಲಿ ರಾತ್ರಿಯೆಲ್ಲಾ ಕೂತು ಓದು ಅನ್ನುತ್ತೇವೆ. ಅದು ನ್ಯಾಯವಾ? ಇವತ್ತು ಹೇಳಿದ ಪಾಠವನ್ನು ಎರಡು ದಿನ ಬಿಟ್ಟು ಇನ್ನೊಮ್ಮೆ, ಭಾನುವಾರ ಮತ್ತೊಮ್ಮೆ ಹೇಳಿಸಿ. ಆಗ ಪರೀಕ್ಷೆಯ ಹೊತ್ತಿಗೆ ಹೊಸದಾಗಿ ಕಲಿಯುವುದು ಕಡಿಮೆ ಇರುತ್ತದೆ.

ಹೊತ್ತು ಗೊತ್ತು ಮಾಡಿ. ನಮ್ಮ ಕೆಲವರ ಮನೆಯಲ್ಲಿ ಸಂಜೆ ಜಪಸರದ ಹೊತ್ತು ಇದೆ. ಕೆಲವರ ಮನೆಯಲ್ಲಿ ದೀಪ ಹಚ್ಚುವ ಹೊತ್ತು, ಕೆಲವರಲ್ಲಿ ನಮಾಜಿನ ಹೊತ್ತು. ಅದನ್ನು ಯಾರೂ ನೆನಪಿಸಬೇಕಾಗಿಲ್ಲ, ತಾನಾಗಿ ನಡೆಯುತ್ತದೆ. ಓದನ್ನೂ ಅದರ ಪಕ್ಕದಲ್ಲೇ ಇಡಿ. ಪ್ರಾರ್ಥನೆ ಮುಗಿದ ಕೂಡಲೇ ಚಾಪೆ ಹಾಸಿ ಪುಸ್ತಕ ತೆಗೆಯುವುದು. ಬೇರೆ ಕೋಣೆ, ಮೇಜು ಇಲ್ಲದಿದ್ದರೆ ಚಿಂತೆ ಬೇಡ. ಬೆಳಕು ಬೀಳುವ ಒಂದು ಮೂಲೆ ಸಾಕು. ಆ ಒಂದು ಗಂಟೆ ಧಾರಾವಾಹಿ ಬೇಡ, ಮೊಬೈಲು ಮಗುವಿನ ಕೈಯಲ್ಲೂ ಬೇಡ, ನಮ್ಮ ಕೈಯಲ್ಲೂ ಬೇಡ. ಶಾಲೆಯ ಪಾಠ ಮೊಬೈಲಿನಲ್ಲಿ ಬಂದಿದ್ದರೆ ಅದನ್ನು ನೋಡಿ ಮುಗಿಸಿ ದೂರ ಇಡಲಿ. ಮನೆಯಲ್ಲಿ ತೀರಾ ಗಲಾಟೆ ಇದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ ನೆನಪಿಸಿಕೊಳ್ಳಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ನಿಮ್ಮೂರಿನಲ್ಲಿ ವಿಚಾರಿಸಿ.

ನಿದ್ದೆ ಕೆಡಿಸಬೇಡಿ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಕಲಿತದ್ದು ಮನಸ್ಸಿನಲ್ಲಿ ನೆಲೆಯಾಗಲು ನಿದ್ದೆಯೂ ಸಹಾಯ ಮಾಡುತ್ತದೆ. ಹಸಿದ ಹೊಟ್ಟೆಯಲ್ಲಿ, ತೂಕಡಿಸುವ ಕಣ್ಣಲ್ಲಿ ಓದು ಹತ್ತುವುದಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಹಿ. ಮಗ ಓದಲು ಕೂತರೆ "ಅವನನ್ನು ಎಬ್ಬಿಸಬೇಡ" ಅನ್ನುತ್ತೇವೆ. ಮಗಳು ಕೂತರೆ "ಒಂಚೂರು ಒಲೆ ನೋಡು, ತಮ್ಮನನ್ನು ಹಿಡ್ಕೋ" ಅನ್ನುತ್ತೇವೆ. ನಾವೂ ಹಾಗೇ ಬೆಳೆದವರು, ನಮ್ಮ ಓದು ನಿಂತದ್ದೂ ಎಷ್ಟೋ ಸಲ ಹಾಗೆಯೇ. ಮನೆಕೆಲಸ ಮಕ್ಕಳು ಕಲಿಯಬೇಕು, ನಿಜ. ಆದರೆ ಮಗ ಮಗಳು ಇಬ್ಬರೂ ಹಂಚಿಕೊಂಡು ಮಾಡಲಿ. ಓದಿನ ಆ ಒಂದು ಗಂಟೆಯಲ್ಲಿ ಮಗಳ ಹೆಸರು ಹಿಡಿದು ಕರೆಯುವುದಿಲ್ಲ ಎಂದು ನಾವೇ ನಿಯಮ ಮಾಡಿಕೊಳ್ಳೋಣ.

ಹೊಡೆತ, ಹೋಲಿಕೆ ಎರಡೂ ಬೇಡ. "ಪಕ್ಕದ ಮನೆಯವಳನ್ನು ನೋಡು" ಎಂದರೆ ಮಗುವಿಗೆ ಪುಸ್ತಕದ ಮೇಲೆಯೇ ಸಿಟ್ಟು ಬರುತ್ತದೆ. ನಿನ್ನೆಗಿಂತ ಇವತ್ತು ಎರಡು ಮಾತು ಹೆಚ್ಚು ಹೇಳಿದರೆ ಅದನ್ನು ಮೆಚ್ಚಿ. ಫೇಲಾದರೂ ಬದುಕು ಮುಗಿಯುವುದಿಲ್ಲ. 2024ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂಬ ವ್ಯವಸ್ಥೆ ಬಂತು. ಮೊದಲ ಸಲ ಆಗದಿದ್ದರೆ ಅದೇ ವರ್ಷ ಮತ್ತೆ ಬರೆಯಬಹುದು. ಮುಂದಿನ ತರಗತಿಗೂ ವರ್ಷ ಹಾಳಾಗದೆ ಸೇರಬಹುದು.

ಮೊದಲು ಹೇಳಿದ ಆ ಹುಡುಗಿಯೂ ಹಾಗೆಯೇ ಬರೆದಳು. ಅಡಿಕೆ ಸುಲಿಯುತ್ತಾ ತಾಯಿ ಕೇಳಿದರು, ಪಕ್ಕದಲ್ಲಿ ಕೂತು ಮಗಳು ಹೇಳಿದಳು. ವಿಜ್ಞಾನ ಪಾಸಾಯಿತು. ಗಣಿತ ಇನ್ನೂ ಬಾಕಿ ಇದೆ, ಆದರೆ ಬಿಟ್ಟಿಲ್ಲ. ಮದುವೆಯ ಮಾತು ನಿಂತಿದೆ. "ಎಲೆ ಬಿಸಿಲಲ್ಲಿ ಅಡುಗೆ ಮಾಡ್ಕೊಳ್ಳತ್ತಂತೆ ಅಕ್ಕ, ನನ್ನ ಮಗಳು ಹೇಳಿಕೊಟ್ಟಳು" ಎಂದು ಆ ತಾಯಿ ಸಂಘದಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಆ ತಾಯಿಯ ಮುಖ ನೀವು ನೋಡಬೇಕಿತ್ತು.

ಕೊನೆಯದಾಗಿ ಒಂದು ಕೋರಿಕೆ. ಪ್ರತಿ ಸಂಘವೂ ತಿಂಗಳಲ್ಲಿ ಒಂದು ಸಭೆಯಲ್ಲಿ ಹತ್ತು ನಿಮಿಷ ಮಕ್ಕಳ ಓದಿಗೆ ಇಡಲಿ. ಯಾರ ಮಗು ಶಾಲೆ ತಪ್ಪಿಸುತ್ತಿದೆ, ಯಾರ ಮನೆಯಲ್ಲಿ ಓದಲು ಹೊತ್ತಿಲ್ಲ ಎಂದು ಮಾತಾಡಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಟ್ಯೂಷನ್‌ಗೆ ಸಾಲ ಕೊಡುವ ಮೊದಲು "ಮನೆಯಲ್ಲಿ ಮಗುವಿನ ಮಾತು ಕೇಳುವವರು ಯಾರು?" ಎಂದು ಕೇಳಿ. ಶಾಲೆಯ ಎಸ್‌ಡಿಎಂಸಿಯಲ್ಲಿ ತಾಯಂದಿರಿಗೂ ಸ್ಥಾನ ಇದೆ. ಸಭೆಗೆ ಹೋಗಿ, ಹಿಂದೆ ಕೂರಬೇಡಿ, ಬಾಯಿ ಬಿಟ್ಟು ಮಾತಾಡಿ.

ಇವತ್ತು ರಾತ್ರಿಯೇ ಶುರು ಮಾಡೋಣ. ಮನೆಗೆ ಹೋಗಿ ಮಗುವನ್ನು ಹತ್ತಿರ ಕೂರಿಸಿಕೊಂಡು "ಪುಸ್ತಕ ಮುಚ್ಚು, ನನಗೆ ಹೇಳು" ಅನ್ನೋಣ. ನಮ್ಮ ಮಕ್ಕಳನ್ನೂ ನಮ್ಮ ಪ್ರಯತ್ನವನ್ನೂ ದೇವರು ಹರಸಲಿ.