ಹತ್ತಿಗೆ ಜೀವ ಇದೆಯೇ?



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಒಂದು ದಿನ ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದುದರಿಂದ 8ನೇ ತರಗತಿಗೆ ಜೀವಕೋಶದ ಪಾಠ ಓದಿಸುತ್ತಿದ್ದೆ. ಎಲ್ಲ ಜೀವಿಗಳ ದೇಹವೂ ಜೀವಕೋಶಗಳಿಂದ ಆಗಿದೆ ಎಂದಾಗ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. 7ನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಬಂದವಳು. ತಂದೆ ಗಾದಿ ತುಂಬುವ ಕೆಲಸ ಮಾಡುವವರು.

"ಸರ್, ಹತ್ತಿ ಗಿಡದಿಂದಲೇ ಬರುತ್ತದಲ್ಲ? ಹಾಗಾದರೆ ನಮ್ಮ ಅಬ್ಬಾ ಗಾದಿಗೆ ತುಂಬುವ ಹತ್ತಿಗೂ ಜೀವ ಇದೆಯಾ?"

ಮಕ್ಕಳೆಲ್ಲ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದೆ. ನನ್ನ ಅಜ್ಞಾನ ಮುಚ್ಚಿಕೊಳ್ಳಲು ಆಡಿದ ಮಾತದು. ಮುಂದೆ ಒಂದು ತಿಂಗಳು ಆ ಹುಡುಗಿ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಉತ್ತರ ಹುಡುಕಿ ಓದಿದಾಗ ನನಗೆ ನಾಚಿಕೆಯಾಯಿತು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬಿರಡೆಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಖಾಲಿ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟನು. ಅವು ಸತ್ತ ಜೀವಕೋಶಗಳ ಗೋಡೆಗಳು. ಹತ್ತಿಯ ಸಂಗತಿಯೂ ಹಾಗೆಯೇ. ಹತ್ತಿಯ ಒಂದೊಂದು ಎಳೆಯೂ ಬೀಜದ ಮೇಲ್ಪದರದಿಂದ ಬೆಳೆದ ಒಂದೇ ಒಂದು ಜೀವಕೋಶ! ಕಾಯಿ ಬಲಿಯುವಾಗ ಅದಕ್ಕೆ ಜೀವವಿರುತ್ತದೆ. ಅದು ಉದ್ದವಾಗಿ ಬೆಳೆದು, ಒಳಗೆ ಸೆಲ್ಯುಲೋಸಿನ ಪದರಗಳನ್ನು ಕಟ್ಟಿಕೊಳ್ಳುತ್ತದೆ. ಕಾಯಿ ಒಡೆಯುವ ಹೊತ್ತಿಗೆ ಒಳಗಿನ ಜೀವರಸ ಒಣಗಿ ಗೋಡೆಯಷ್ಟೇ ಉಳಿಯುತ್ತದೆ. ಜೀವಕೋಶ ಬರಿಗಣ್ಣಿಗೆ ಕಾಣುವುದಿಲ್ಲವೆಂದು ಬರೆಸುವ ನಾವು, ಎರಡು ಮೂರು ಸೆಂಟಿಮೀಟರ್ ಉದ್ದದ ಕೋಶಗಳನ್ನೇ ಅಂಗಿಯಾಗಿ ತೊಟ್ಟಿರುತ್ತೇವೆ.

ಆದರೆ ಆ ಹತ್ತಿಯೊಳಗಿನ ಬೀಜಕ್ಕೆ ಜೀವವಿದೆ. ಅದು ಮಲಗಿದಂತಿದ್ದು, ಹಸಿ ಸಿಕ್ಕರೆ ಮೊಳೆಯುತ್ತದೆ. ಹುರಿದ ಜೋಳ ಮಾತ್ರ ಎಷ್ಟು ನೀರು ಹಾಕಿದರೂ ಮೊಳೆಯದು; ಅದರ ಕೋಶಗಳು ಸತ್ತಿವೆ. ಹಾಲಿಗೆ ಹೆಪ್ಪು ಹಾಕುವ ತಾಯಂದಿರು ಬಳಸುವುದೂ ಒಂದೇ ಕೋಶದ ಜೀವಿಗಳನ್ನು.

ಮರುದಿನ ತರಗತಿಯ ಮುಂದೆಯೇ ನನ್ನ ತಪ್ಪು ಒಪ್ಪಿಕೊಂಡು ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೂದಲು, ಸರ್?" ಎಂದಳು. ನನಗೆ ಜೀವ ಬಂದಂತಾಯಿತು.

ಬಂಧುಗಳೇ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ನಮ್ಮ ಮಕ್ಕಳು ಹತ್ತಿ, ಜೋಳ ನೋಡುತ್ತಲೇ ಬೆಳೆದವರು. ಅವರಿಗೆ ತಿಳಿವಳಿಕೆಯ ಕೊರತೆಯಿಲ್ಲ. ಉರ್ದುವಿನ 'ಖಲಿಯಾ' ಇಲ್ಲಿ 'ಜೀವಕೋಶ'ವಾದಾಗ ಮಗು ತಡವರಿಸುತ್ತದೆ. ನಾವು ಅದನ್ನು ದಡ್ಡತನವೆಂದುಕೊಳ್ಳುತ್ತೇವೆ. ಶಿಕ್ಷಕ ಮಿತ್ರರು ಆರಂಭದಲ್ಲಿ ಎರಡೂ ಶಬ್ದಗಳನ್ನು ಹಲಗೆಯ ಮೇಲೆ ಬರೆಯಲಿ. ಪಾಲಕರು ಮಗುವಿನ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ "ಗೊತ್ತಿಲ್ಲ, ಕೇಳಿಕೊಂಡು ಬಾ" ಎನ್ನಲಿ. "ಸುಮ್ಮನಿರು" ಎನ್ನುವುದು ಬೇಡ. ಹುರಿದ ಬೀಜ ಮತ್ತೆ ಮೊಳೆಯುವುದಿಲ್ಲ.