ದೊಡ್ಡ ಕಂಪೆನಿಯ ಚಾವಡಿ



ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಒಂದು ಪ್ರಿಂಟರ್ ಉಂಟು. ಹಾಲು ತಂದವರಿಗೆ ಕೊಡುವ ಚೀಟಿ, ಬಟವಾಡೆಯ ಪಟ್ಟಿ ಎಲ್ಲ ಅದರಿಂದಲೇ ಹೊರಡಬೇಕು. ಸೊಸೈಟಿಗೆ ಹೊಸ ಕಂಪ್ಯೂಟರ್ ತಂದ ದಿನ ಈ ಹಳೆಯ ಪ್ರಿಂಟರ್ ಮುಷ್ಕರ ಹೂಡಿತು. ರಿಪೇರಿಯವನಿಗೆ ಫೋನು ಮಾಡಿದರೆ, "ಕಂಪೆನಿಯ ವೆಬ್‌ಸೈಟಿಗೆ ಹೋಗಿ ಡ್ರೈವರ್ ಇಳಿಸಿಕೊಳ್ಳಿ, ಎರಡು ನಿಮಿಷದ ಕೆಲಸ" ಎಂದ. ಡ್ರೈವರ್ ಎಂದರೆ ಇಲ್ಲಿ ವಾಹನ ಓಡಿಸುವವನಲ್ಲ. ಕಂಪ್ಯೂಟರು ಹೇಳಿದ್ದನ್ನು ಪ್ರಿಂಟರಿಗೆ ಅರ್ಥವಾಗುವಂತೆ ಮಾಡುವ ಒಂದು ಸಣ್ಣ ತಂತ್ರಾಂಶ. ನಮ್ಮ ಹಾಗೆ ಎರಡು ಭಾಷೆಗಳ ನಡುವೆ ಬದುಕುವ ದುಭಾಷಿ ಎಂದುಕೊಳ್ಳಿ. ಸೆಕ್ರೆಟರಿಯವರು ನನ್ನನ್ನು ಕರೆಸಿದರು. ಆ ಎರಡು ನಿಮಿಷದ ಕೆಲಸಕ್ಕೆ ನಮ್ಮಿಬ್ಬರಿಗೆ ಒಂದೂಕಾಲು ಗಂಟೆ ಹಿಡಿಯಿತು.

ವೆಬ್‌ಸೈಟ್ ತೆರೆದ ಕೂಡಲೆ ಪರದೆಯ ತುಂಬ ಒಂದು ಚಿತ್ರ. ಗಾಜಿನ ಕಟ್ಟಡದಲ್ಲಿ ನಾಲ್ಕು ಜನ ಯಾವುದೋ ಸಂತೋಷಕ್ಕೆ ನಗುತ್ತಿದ್ದರು. ಓದಿ ಮುಗಿಸುವ ಮೊದಲೇ ಅದು ಸರಿದು ಇನ್ನೊಂದು ಚಿತ್ರ ಬಂತು. ಅದರ ಕೆಳಗೆ ಮೂರು ಬಾಗಿಲುಗಳು: ಮನೆಯವರಿಗೆ, ಸಣ್ಣ ವ್ಯಾಪಾರದವರಿಗೆ, ದೊಡ್ಡ ಉದ್ಯಮದವರಿಗೆ. ಸೆಕ್ರೆಟರಿಯವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮಾಷ್ಟ್ರೇ, ಇದರಲ್ಲಿ ನಾವು ಯಾರು?"

ನನಗೂ ಗೊತ್ತಾಗಲಿಲ್ಲ. ಸೊಸೈಟಿ ಮನೆಯಲ್ಲ. ವ್ಯಾಪಾರ ಎಂದರೆ ಸದಸ್ಯರು ಬೇಸರಿಸಿಯಾರು. ದೊಡ್ಡ ಉದ್ಯಮ ಎಂದರೆ ನಗು ಬರುತ್ತದೆ. ಒಂದೊಂದು ಬಾಗಿಲಲ್ಲೂ ಇಣುಕಿ ಹಿಂದೆ ಬಂದೆವು. ಕೊನೆಗೆ ಅವರು ಕೈಚೆಲ್ಲಿ, "ನನಗೆ ಇಂಗ್ಲಿಷ್ ಸಾಲದು, ಅದಕ್ಕೇ ಸಿಗುವುದಿಲ್ಲ" ಎಂದರು. ಇಂದು ನಾನು ನಿಮ್ಮೊಡನೆ ಮಾತನಾಡಲು ಹೊರಟಿರುವುದು ಅವರ ಈ ಒಂದು ಮಾತಿನ ಬಗೆಗೆ. ಅದು ತಪ್ಪು ಮಾತು. ತಪ್ಪು ಇದ್ದುದು ಆ ಪುಟವನ್ನು ಜೋಡಿಸಿದ ರೀತಿಯಲ್ಲಿ.

ವೆಬ್‌ಸೈಟಿನ ಮೊದಲ ಪುಟಕ್ಕೆ ಹೋಮ್ ಪೇಜ್ ಎನ್ನುತ್ತಾರೆ, ಕನ್ನಡದಲ್ಲಿ ಮುಖಪುಟ. ನನಗೆ ಅದು ಮನೆಯ ಚಾವಡಿ ಇದ್ದ ಹಾಗೆ ಕಾಣುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕೇಳುಗರು ಪಡಸಾಲೆ ಎಂದುಕೊಂಡರೆ ಸರಿಹೋಗುತ್ತದೆ. ಬಂದವರು ಮೊದಲು ನಿಲ್ಲುವ ಜಾಗ. ಅಲ್ಲಿ ನಿಂತಾಗ ಒಳಗೆ ಹೋಗಬೇಕೇ, ಅಂಗಳಕ್ಕೆ ಇಳಿಯಬೇಕೇ, ಯಾರನ್ನು ಕರೆಯಬೇಕು ಎಂಬುದು ತಿಳಿಯಬೇಕು.

ಜಗತ್ತಿನ ಮೊತ್ತಮೊದಲ ವೆಬ್ ಪುಟದಲ್ಲಿ ಅದು ಚೆನ್ನಾಗಿಯೇ ತಿಳಿಯುತ್ತಿತ್ತು. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಅವರು ಮಾಡಿದ, 1991ರಲ್ಲಿ ಹೊರಜಗತ್ತಿಗೆ ತೆರೆದ ಪುಟ ಅದು. ಚಿತ್ರವಿಲ್ಲ, ಬಣ್ಣದ ಆಡಂಬರವಿಲ್ಲ. ಒಂದೆರಡು ವಾಕ್ಯ, ಕೆಳಗೆ ಏನೇನು ಎಲ್ಲೆಲ್ಲಿದೆ ಎಂಬ ಪಟ್ಟಿ, ಅದರಲ್ಲಿ 'ಸಹಾಯ' ಎಂಬುದೂ ಒಂದು. 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಎಂಬ ವಿದ್ಯಾರ್ಥಿಗಳು ಆರಂಭಿಸಿದ ಯಾಹೂ ಕೂಡ ಹಾಗೆಯೇ, ಗ್ರಂಥಾಲಯದ ಕಪಾಟುಗಳಂತೆ, ಜಾಲದ ಪುಟಗಳನ್ನೆಲ್ಲ ವಿಷಯವಾರು ವಿಂಗಡಿಸಿ ಮುಂದಿಟ್ಟಿತು.

ಕಷ್ಟ ಹುಟ್ಟಿದ್ದು ದೊಡ್ಡ ಕಂಪೆನಿಗಳು ಜಾಲಕ್ಕೆ ಬಂದ ಮೇಲೆ. ನಮ್ಮ ಊರುಗಳ ಜಾತ್ರೆಯದೋ ಶಾಲೆಯ ವಾರ್ಷಿಕೋತ್ಸವದ್ದೋ ಆಮಂತ್ರಣ ಪತ್ರಿಕೆಯನ್ನು ನೆನಪಿಸಿಕೊಳ್ಳಿ. ಅಧ್ಯಕ್ಷರ ಹೆಸರು ದಪ್ಪ ಅಕ್ಷರದಲ್ಲಿ, ಉದ್ಘಾಟಕರದು ಅದಕ್ಕಿಂತ ದಪ್ಪ. ಮುಖ್ಯ ಅತಿಥಿಗಳು, ದಾನಿಗಳು, ಸಮಿತಿಯವರು ಒಬ್ಬರೂ ಬಿಟ್ಟುಹೋಗಬಾರದು. ಕಾರ್ಯಕ್ರಮ ಎಷ್ಟು ಗಂಟೆಗೆ ಎಂಬುದು ಮಾತ್ರ ಮೂಲೆಯಲ್ಲಿ ಇರುವೆಯ ಕಾಲಿನಷ್ಟು ಸಣ್ಣದಾಗಿರುತ್ತದೆ. ಕಂಪೆನಿಯ ಮುಖಪುಟವೂ ಹೀಗೆಯೇ ತುಂಬುತ್ತದೆ. ಮಾರಾಟ ವಿಭಾಗಕ್ಕೆ ಅಲ್ಲಿ ಜಾಗ ಬೇಕು, ಷೇರುದಾರರ ವಿಭಾಗಕ್ಕೆ ಬೇಕು, ಹೊಸ ಉತ್ಪನ್ನದವರಿಗೆ ಎಲ್ಲರಿಗಿಂತ ಮೇಲೆ ಬೇಕು. ಹೊರಗಿನಿಂದ ಬರುವವನಿಗೆ ಆ ವಿಭಾಗಗಳ ಹೆಸರೇ ಗೊತ್ತಿಲ್ಲ. ಅವನಿಗೆ ಬೇಕಾದುದು ತನ್ನ ಪ್ರಿಂಟರಿನ ಡ್ರೈವರ್. ಅದು ಆಮಂತ್ರಣದ ಸಮಯದ ಹಾಗೆ ಮೂಲೆ ಸೇರುತ್ತದೆ.

ಇದು ಹಳ್ಳಿಯವರ ದೂರು ಮಾತ್ರವಲ್ಲ. ಕಂಪ್ಯೂಟರ್ ಎಂದರೆ ಐಬಿಎಂ ಎಂದು ಹೇಳುವ ಒಂದು ಕಾಲವಿತ್ತು. ಆ ಐಬಿಎಂನ ವೆಬ್‌ಸೈಟಿನಲ್ಲಿ ಜನ ಅತಿ ಹೆಚ್ಚು ಒತ್ತುತ್ತಿದ್ದುದು 'ಹುಡುಕು' ಎಂಬ ಗುಂಡಿಯನ್ನು, ಯಾಕೆಂದರೆ ದಾರಿ ಸಿಗುತ್ತಿರಲಿಲ್ಲ. ಅದರ ನಂತರ ಹೆಚ್ಚು ಒತ್ತುತ್ತಿದ್ದುದು 'ಸಹಾಯ' ಎಂಬುದನ್ನು, ಯಾಕೆಂದರೆ ಹುಡುಕಿದರೂ ಸಿಗುತ್ತಿರಲಿಲ್ಲ. 1999ರಲ್ಲಿ ಕಂಪೆನಿ ಬಹಳ ಖರ್ಚು ಮಾಡಿ ಇಡೀ ತಾಣವನ್ನು ಹೊಸದಾಗಿ ಜೋಡಿಸಿತು. ಆಮೇಲೆ ಸಹಾಯದ ಗುಂಡಿ ಒತ್ತುವುದು ಶೇಕಡಾ 84ರಷ್ಟು ಇಳಿಯಿತು, ಜಾಲದ ಮೂಲಕ ಆಗುವ ಮಾರಾಟ ಶೇಕಡಾ 400ರಷ್ಟು ಏರಿತು ಎಂದು ಆಗಿನ ಅಮೆರಿಕದ ಪತ್ರಿಕೆಗಳಲ್ಲಿ ವರದಿಯಾಯಿತು. ಹಾಗಾದರೆ ಅದಕ್ಕೆ ಮೊದಲು ಬಂದು ದಾರಿ ಕಾಣದೆ ಹಿಂದೆ ಹೋದವರು ಎಷ್ಟು ಜನ? ಅವರಲ್ಲಿ ಬಹುಮಂದಿ ಇಂಗ್ಲಿಷ್ ಮಾತೃಭಾಷೆಯವರು. ಅವರಿಗೂ ಸಿಕ್ಕಿರಲಿಲ್ಲ ಎಂಬುದನ್ನು ನಮ್ಮ ಸೆಕ್ರೆಟರಿಯವರಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಅರಳಿತು.

ಡೆನ್ಮಾರ್ಕಿನವರಾದ ಯಾಕೋಬ್ ನೀಲ್ಸನ್ ಎಂಬ ತಜ್ಞರು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿದ್ದಾಗಿನಿಂದ ಇದನ್ನೇ ಅಭ್ಯಾಸ ಮಾಡಿದವರು. 2001ರಲ್ಲಿ ಅವರು ಇನ್ನೊಬ್ಬರೊಡನೆ ಸೇರಿ 50 ತಾಣಗಳ ಮುಖಪುಟಗಳನ್ನು ತೆಗೆದುಕೊಂಡು ಒಂದೊಂದನ್ನೂ ಬಿಚ್ಚಿ ತೋರಿಸಿದ ಪುಸ್ತಕ ಬರೆದರು. ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಪುಟ ಸರಿಯಾಗಿದೆಯೇ ಎಂದು ನೋಡಲು ದೊಡ್ಡ ಸಮೀಕ್ಷೆ ಬೇಡ; ಬಳಸುವ ಐದು ಜನರನ್ನು ಕೂರಿಸಿ, ಒಂದು ಕೆಲಸ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತು ನೋಡಿದರೆ ಹೆಚ್ಚಿನ ತಪ್ಪುಗಳು ಕಣ್ಣಿಗೆ ಬೀಳುತ್ತವೆ. ಬಾಯಿ ಮುಚ್ಚಿ ಕುಳಿತುಕೊಳ್ಳುವುದೇ ಕಷ್ಟ. ನಾನು ಮೂವತ್ತು ವರ್ಷ ಪಾಠ ಮಾಡಿದವ, ನನಗೆ ಗೊತ್ತು.

ಹಾಗೆ ಕುಳಿತು ನೋಡಿದವರಿಗೆ ವಿಚಿತ್ರಗಳೂ ಕಂಡಿವೆ. 1998ರಲ್ಲಿ ಆರಂಭವಾದ ಗೂಗಲ್ ಕಂಪೆನಿಯ ಮುಖಪುಟ ನಿಮಗೆ ಗೊತ್ತೇ ಇದೆ: ಬಿಳಿ ಹಾಳೆ, ಹೆಸರು, ಬರೆಯಲು ಒಂದು ಪೆಟ್ಟಿಗೆ. ಆರಂಭದ ವರ್ಷಗಳಲ್ಲಿ ಪರೀಕ್ಷೆಗೆ ಕೂರಿಸಿದ ಜನ ಆ ಪುಟದ ಮುಂದೆ ಸುಮ್ಮನೆ ಕಾಯುತ್ತ ಕುಳಿತರಂತೆ. ಏನು ಕಾಯುತ್ತಿದ್ದೀರಿ ಎಂದರೆ, ಉಳಿದದ್ದು ಬರಲಿ ಎಂದು ಕಾಯುತ್ತಿದ್ದೇವೆ ಎಂದರು! ಬೇರೆ ಕಡೆಗಳ ಗದ್ದಲ ನೋಡಿ ನೋಡಿ ಕಣ್ಣು ಹಾಗೆ ಪಳಗಿತ್ತು. ಪುಟ ಇಲ್ಲಿಗೆ ಮುಗಿಯಿತು ಎಂದು ತಿಳಿಯಲಿ ಎಂಬುದಕ್ಕಾಗಿಯೇ ಕೆಳಗೆ ಹಕ್ಕುಸ್ವಾಮ್ಯದ ಒಂದು ಸಣ್ಣ ಸಾಲನ್ನು ಸೇರಿಸಿದರು ಎಂದು ಅಲ್ಲಿ ಆಗ ಕೆಲಸ ಮಾಡುತ್ತಿದ್ದ ಮರಿಸ್ಸಾ ಮೇಯರ್ ಹೇಳಿದ್ದಾರೆ. ಇದಕ್ಕೆ ವಿರುದ್ಧವಾದುದೂ ಉಂಟು. ಎಷ್ಟು ದೊಡ್ಡದಾಗಿ, ಬಣ್ಣಬಣ್ಣವಾಗಿ ಬರೆದರೂ ಅದು ಜಾಹೀರಾತು ಎಂದುಕೊಂಡು ಜನರ ಕಣ್ಣು ಅದನ್ನು ದಾಟಿ ಹೋಗುತ್ತದೆ ಎಂಬುದು 1998ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡುಬಂದಿತ್ತು. ಗಾಜಿನ ಕಟ್ಟಡದ ಆ ನಗುವ ಚಿತ್ರಗಳ ಗತಿಯೂ ಅದೇ.

ಇನ್ನು ಗಡಿನಾಡಿನ ನಮಗೆ ಹೆಚ್ಚು ತಾಗುವ ಸಂಗತಿಗೆ ಬರುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ ಪಕ್ಕದವರನ್ನು ಕೇಳಿ ಬಸ್ಸು ಹತ್ತಿದ ಹಿರಿಯರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ, ಕಾಸರಗೋಡಿನಲ್ಲಾಗಲಿ ಹೊಸೂರಿನಲ್ಲಾಗಲಿ. ಮುಖಪುಟದಲ್ಲಿ ಭಾಷೆಯನ್ನು ಆರಿಸುವ ಜಾಗವೂ ಒಂದು ಬೋರ್ಡೇ. ಕೆಲವು ತಾಣಗಳು ಭಾಷೆಯ ಬದಲು ದೇಶದ ಬಾವುಟ ತೋರಿಸುತ್ತವೆ. ಬಾವುಟ ಒತ್ತಿದರೆ ಭಾರತ ಸಿಗುತ್ತದೆ, ಭಾರತದೊಳಗೆ ಯಾವ ಭಾಷೆ ಎಂದು ಬಾವುಟ ಹೇಳಲಾರದು. ನೀವು ಇರುವ ಸ್ಥಳ ನೋಡಿ ಭಾಷೆಯನ್ನು ತಾನೇ ತೀರ್ಮಾನಿಸುವ ತಾಣವಾದರೆ ನಮ್ಮ ಕಥೆ ಮುಗಿಯಿತು: ಕಾಸರಗೋಡಿನವನಿಗೆ ಮಲಯಾಳ, ತಾಳವಾಡಿಯವನಿಗೆ ತಮಿಳು, ಜತ್ತದವನಿಗೆ ಮರಾಠಿ. ರಾಜ್ಯದ ಗಡಿ ಎಳೆದವರು ಮಾಡಿದ ಲೆಕ್ಕವನ್ನೇ ಯಂತ್ರವೂ ಮಾಡುತ್ತದೆ.

ಈ ವಿಷಯದಲ್ಲಿ ಗೂಗಲಿನ ಭಾರತದ ಮುಖಪುಟವನ್ನು ಮೆಚ್ಚಬೇಕು. ಪೆಟ್ಟಿಗೆಯ ಕೆಳಗೆ ಒಂದೇ ಸಾಲಿನಲ್ಲಿ ಹಿಂದಿ, ಬಂಗಾಳಿ, ತೆಲುಗು, ಮರಾಠಿ, ತಮಿಳು, ಗುಜರಾತಿ, ಕನ್ನಡ, ಮಲಯಾಳ, ಪಂಜಾಬಿ, ಹೀಗೆ ಒಂಬತ್ತು ಭಾಷೆಗಳ ಹೆಸರು, ಪ್ರತಿಯೊಂದೂ ಅದರದೇ ಲಿಪಿಯಲ್ಲಿ. ಕನ್ನಡ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರೆ ಕನ್ನಡ ಮಾತ್ರ ಬಲ್ಲವನಿಗೆ ಅದರಿಂದೇನು ಉಪಯೋಗ? 2020ರ ಜೂನಿನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರಿನಲ್ಲಿ ಅಮೆಜಾನ್ ತಮ್ಮ ಭಾರತದ ಅಂಗಡಿಗಳಿಗೆ ಕನ್ನಡವನ್ನು ಸೇರಿಸಿದವು. ಆದರೆ ಅಂಗಡಿಗೆ ಸಿಕ್ಕಿದ ಕನ್ನಡ ರಿಪೇರಿಯ ಪುಟಕ್ಕೆ ಸಿಗುವುದು ಅಪರೂಪ. ಮಾರುವಾಗ ನಮ್ಮ ಭಾಷೆ, ಕೆಟ್ಟಾಗ ಅವರ ಭಾಷೆ.

ನಿಮ್ಮ ಕೈಯಲ್ಲೇ ಆಗುವ ಒಂದು ಕೆಲಸ ಉಂಟು, ಇದನ್ನು ಮನೆಯ ಮಕ್ಕಳಿಂದ ಮಾಡಿಸಿಕೊಳ್ಳಿ. ನಿಮ್ಮ ಬ್ರೌಸರು ಯಾವ ತಾಣಕ್ಕೆ ಹೋದರೂ "ಇವರಿಗೆ ಇಂಥ ಭಾಷೆ ಬೇಕು" ಎಂದು ಮೆಲ್ಲಗೆ ಹೇಳಿಯೇ ಒಳಗೆ ಹೋಗುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಭಾಷೆಗಳು ಎಂಬಲ್ಲಿ ಕನ್ನಡವನ್ನು ಮೊದಲು, ಮಲಯಾಳವನ್ನೋ ಮರಾಠಿಯನ್ನೋ ಎರಡನೆಯದಾಗಿ ಇಡಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ 2016ರಿಂದ ಹೀಗೆ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಸಾಲಾಗಿ ಇಡಲು ಬರುತ್ತದೆ. ಕನ್ನಡ ಇರುವ ತಾಣ, ಅದನ್ನು ಕೇಳಿಸಿಕೊಳ್ಳುವ ಸೌಜನ್ಯ ಇರುವ ತಾಣ ಆದರೆ, ಕನ್ನಡದಲ್ಲೇ ತೆರೆಯುತ್ತದೆ. ಮತ್ತೊಂದು, ಫೋನಿನಲ್ಲಿ ಪುಟದ ಮೇಲ್ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಗೆರೆಗಳು ಇರುತ್ತವಲ್ಲ, ಅದು ಅಲಂಕಾರವಲ್ಲ. ಅದನ್ನು ಒತ್ತಿದರೆ ಅಡಗಿಸಿಟ್ಟ ಪಟ್ಟಿ ತೆರೆಯುತ್ತದೆ. 1981ರ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬವರು ಬರೆದ ಗುರುತು ಅದು. ಸಣ್ಣ ಪರದೆಗೆ ಅನುಕೂಲವೇನೋ ಹೌದು, ಆದರೆ ಗೊತ್ತಿಲ್ಲದವರಿಗೆ ಬಾಗಿಲನ್ನು ಗೋಡೆಯ ಬಣ್ಣದಲ್ಲೇ ಬಳಿದ ಹಾಗೆ. ಏನೂ ಸಿಗದಿದ್ದರೆ ಪುಟದ ತೀರ ಕೆಳಗೆ ಹೋಗಿ. ಸಂಪರ್ಕ, ಸಹಾಯ, ಭಾಷೆ ಇಂಥವನ್ನು ಹೆಚ್ಚಿನವರು ಅಲ್ಲಿ ಸಣ್ಣ ಅಕ್ಷರದಲ್ಲಿ ಕೂರಿಸಿರುತ್ತಾರೆ.

ನಮಗೂ ಡ್ರೈವರ್ ಸಿಕ್ಕಿದ್ದು ಅಲ್ಲೇ. ಅಡಿಯಲ್ಲಿ ಐದು ಸಾಲು ಹೆಸರುಗಳು, ಅದರಲ್ಲಿ ಒಂದು ಒತ್ತಿದರೆ ಇನ್ನೊಂದು ಪಟ್ಟಿ, ಅಲ್ಲಿ ಪ್ರಿಂಟರಿನ ಬೆನ್ನ ಮೇಲಿದ್ದ ಸಂಖ್ಯೆ ಬರೆಯಬೇಕು. ಚೀಟಿ ಹೊರಬಂದಾಗ ಸಂಜೆಯ ಹಾಲು ತಂದ ಹೆಂಗಸರು ಸಾಲಿನಲ್ಲಿ ನಿಂತು ಆಗಿತ್ತು. ಸೆಕ್ರೆಟರಿಯವರು ಜಾಗ್ರತೆಯ ಮನುಷ್ಯ. ಹೋದ ದಾರಿಯನ್ನೆಲ್ಲ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟರು: "ಕೆಳಗೆ ತಳದವರೆಗೆ ಹೋಗುವುದು, ಎಡಗಡೆ ಮೂರನೆಯ ಸಾಲು, ಮೇಲಿನಿಂದ ನಾಲ್ಕನೆಯದು."

ನಾಲ್ಕು ತಿಂಗಳ ಮೇಲೆ ಪಕ್ಕದ ಊರಿನ ಸೊಸೈಟಿಯವರಿಗೂ ಅದೇ ಪ್ರಿಂಟರಿನ ಅದೇ ತೊಂದರೆ. ಇವರು ಧೈರ್ಯವಾಗಿ ಪುಸ್ತಕ ಹಿಡಿದು ಹೋದರು. ಅಷ್ಟರಲ್ಲಿ ಕಂಪೆನಿ ಮುಖಪುಟವನ್ನು ಹೊಸದು ಮಾಡಿತ್ತು. ಅಲ್ಲಿಂದಲೇ ನನಗೆ ಫೋನು: "ಮಾಷ್ಟ್ರೇ, ಎಡಗಡೆ ಮೂರನೆಯ ಸಾಲೇ ಇಲ್ಲ. ನಗುವವರು ಮಾತ್ರ ಇದ್ದಾರೆ."