ಮನೆಯ ಆದಾಯ, ಹಾರ್ವರ್ಡ್‌ನ ಶುಲ್ಕ

1643ರಲ್ಲಿ ಲಂಡನ್ನಿನ ಶ್ರೀಮಂತ ವಿಧವೆ ಆನ್ ಮೌಲ್ಸನ್ ಅಮೆರಿಕದ ಹಾರ್ವರ್ಡ್ ಕಾಲೇಜಿಗೆ ನೂರು ಪೌಂಡ್ ಕೊಟ್ಟರು. ಅದರ ಉತ್ಪತ್ತಿಯಿಂದ ಬಡ ವಿದ್ಯಾರ್ಥಿಯೊಬ್ಬ ಓದಬೇಕೆಂಬುದು ಅವರ ಇಚ್ಛೆ. ಕಾಲೇಜು ಹುಟ್ಟಿ ಆಗಿನ್ನೂ ಏಳು ವರ್ಷ.

ಮುಂದೆ ಸುಮಾರು ಮುನ್ನೂರು ವರ್ಷ ಇಂಥ ನೆರವು ದಾನಿಗಳ ಮರ್ಜಿಯಲ್ಲೇ ಉಳಿಯಿತು. 1933ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ರಸಾಯನಶಾಸ್ತ್ರಜ್ಞ ಜೇಮ್ಸ್ ಕೊನಾಂಟ್, ದೂರದ ಊರುಗಳ ಜಾಣ ಹುಡುಗರನ್ನು ಕರೆತರಲು ರಾಷ್ಟ್ರೀಯ ವಿದ್ಯಾರ್ಥಿವೇತನ ಆರಂಭಿಸಿದರು. ಇಲಿನಾಯ್‌ನಿಂದ ಹಾಗೆ ಬಂದ ಜೇಮ್ಸ್ ಟೋಬಿನ್ 1981ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಇಂಥ ನೆರವಿನ ಮೊದಲ ದಾನಿ ಹೆಣ್ಣುಮಗಳಾದರೂ, ಕೊನಾಂಟರ ಈ ಯೋಜನೆ ಹುಡುಗರಿಗಷ್ಟೇ ಇತ್ತು.

ನಿಜವಾದ ತಿರುವು 1954 ಎಂದು ನನ್ನ ಎಣಿಕೆ. ಅಲ್ಲಿಯವರೆಗೆ ಕಾಲೇಜುಗಳು ಜಾಣ ಮಕ್ಕಳಿಗಾಗಿ ಪೈಪೋಟಿಗೆ ಬಿದ್ದು ಹಣ ಕೊಡುತ್ತಿದ್ದವು. ಉಳ್ಳವರ ಮಗನಿಗೂ ಅದು ಸಿಗುತ್ತಿತ್ತು. ಹಾರ್ವರ್ಡ್‌ನ ಜಾನ್ ಮನ್ರೋ ಬೇರೆ ಲೆಕ್ಕ ಹಾಕಿದರು. ಮನೆಯ ಆದಾಯವೆಷ್ಟು, ತೆರಿಗೆಯೆಷ್ಟು, ಮಕ್ಕಳೆಷ್ಟು ಎಂದು ನೋಡಿ, ತಂದೆತಾಯಿ ಎಷ್ಟು ಭರಿಸಬಲ್ಲರೆಂದು ತೀರ್ಮಾನಿಸುವುದು. ಕೊರತೆ ಬಿದ್ದಷ್ಟನ್ನು ಕಾಲೇಜು ತುಂಬುವುದು. ಆ ವರ್ಷ ಕಾಲೇಜುಗಳ ಒಕ್ಕೂಟವಾದ ಕಾಲೇಜ್ ಬೋರ್ಡ್ ಈ ಲೆಕ್ಕಕ್ಕೆಂದೇ ಒಂದು ವಿಭಾಗ ತೆರೆಯಿತು. ಜಾಣತನ ನೋಡಿ ಸೀಟು, ಅಗತ್ಯ ನೋಡಿ ಹಣ: ಇದಕ್ಕಿಂತ ನ್ಯಾಯವಾದ ಏರ್ಪಾಡು ನನಗೆ ತೋಚುವುದಿಲ್ಲ.

ಹಾರ್ವರ್ಡ್ ಸೇರಿದ ಐವಿ ಲೀಗ್ ಎಂಬ ಗುಂಪಿನ ಕಾಲೇಜುಗಳೂ ತಾಂತ್ರಿಕ ಸಂಸ್ಥೆಯಾದ ಎಂಐಟಿಯೂ ಒಟ್ಟಿಗೆ ಕೂತು, ಒಬ್ಬೊಬ್ಬ ವಿದ್ಯಾರ್ಥಿಯ ನೆರವನ್ನೂ ಹೋಲಿಸಿ ಒಮ್ಮತಕ್ಕೆ ಬರುವ ಪದ್ಧತಿಯೂ ಬೆಳೆಯಿತು. ಇದು ಪೈಪೋಟಿ ತಪ್ಪಿಸುವ ಒಳಒಪ್ಪಂದ ಎಂದು 1991ರಲ್ಲಿ ಸರ್ಕಾರ ಮೊಕದ್ದಮೆ ಹೂಡಿತು.

ಅಷ್ಟರಲ್ಲಿ ನೆರವಿನ ಹೆಸರಲ್ಲಿ ಸಾಲವೂ ಸೇರಿಕೊಂಡಿತ್ತು. ಸಾಲ ಹೊರಿಸಿ ಅದನ್ನು ನೆರವೆನ್ನಲು ನನಗೆ ಮನಸ್ಸು ಬಾರದು. 2001ರಲ್ಲಿ ಪ್ರಿನ್ಸ್‌ಟನ್ ಸಾಲ ಕೈಬಿಟ್ಟು, ಹಿಂದಿರುಗಿಸಬೇಕಿಲ್ಲದ ಅನುದಾನ ಕೊಡತೊಡಗಿತು. 2004ರಲ್ಲಿ ಹಾರ್ವರ್ಡ್, ವರ್ಷಕ್ಕೆ 40,000 ಡಾಲರಿಗಿಂತ ಕಡಿಮೆ ಆದಾಯದ ತಂದೆತಾಯಿ ಏನೂ ಕೊಡಬೇಕಿಲ್ಲ ಎಂದಿತು. 2025ರಲ್ಲಿ ಆ ಮಿತಿ ಒಂದು ಲಕ್ಷ ಡಾಲರಿಗೆ ಏರಿತು. ಎರಡು ಲಕ್ಷದವರೆಗೆ ಬೋಧನಾ ಶುಲ್ಕವಿಲ್ಲ.

ಆದರೂ ಒಳಗೆ ಬಂದವರು ಯಾರು? 2017ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ತೋರಿಸಿದಂತೆ, ಅಮೆರಿಕದ 38 ಕಾಲೇಜುಗಳಲ್ಲಿ, ಆದಾಯದ ತುದಿಯಲ್ಲಿರುವ ಶೇ. 1ರಷ್ಟು ಕುಟುಂಬಗಳ ಮಕ್ಕಳು ಕೆಳಗಿನ ಶೇ. 60ರಷ್ಟು ಕುಟುಂಬಗಳ ಮಕ್ಕಳಿಗಿಂತ ಹೆಚ್ಚಿದ್ದರು. ನೆರವಿದೆಯೆಂದು ತಿಳಿಯದೆ, ಶುಲ್ಕ ಕೇಳಿಯೇ ಹಿಂದೆ ಸರಿಯುವ ಮನೆಗಳು ಅಲ್ಲೂ ಇವೆ.

ಪದವಿ ಪ್ರವೇಶದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳು ವಿದೇಶಿ ಮಕ್ಕಳ ಮನೆಯ ಆದಾಯವನ್ನೂ ಪರಿಗಣಿಸುವುದಿಲ್ಲ; ಆಯ್ಕೆಯಾದವರಿಗೆ ಅಗತ್ಯವಿದ್ದಷ್ಟು ನೆರವೂ ಉಂಟು. ಹಾಸನದಲ್ಲೋ ಕೊಪ್ಪಳದಲ್ಲೋ ಓದುತ್ತಿರುವ ಜಾಣ ಹುಡುಗಿಯ ತಂದೆತಾಯಿ ಇದನ್ನು ಕೇಳುತ್ತಿದ್ದರೆ, ಪ್ರವೇಶದ ಅರ್ಜಿಯ ಜೊತೆಗೇ ನೆರವಿನ ಅರ್ಜಿಯನ್ನೂ ಹಾಕಿಸಿ.